ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಪೋರ್ಟ್ಸ್‌ಮತ್ ಕಂಡ ಒಂದು ಋತು

ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್‌ಗಳ ಹಣಕಾಸಿನ ಮೇಲೆ ನಿಗಾ ಇಡುವುದಕ್ಕೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದನ್ನು ರಚಿಸುವ ಶಾಸನಕ್ಕೆ 2025ರ ಜುಲೈ 21ರಂದು ಅರಸರ ಅಂಕಿತ ಬಿದ್ದಿತು. ಆಟದ ಅಂಗಳದಲ್ಲಿ ಸರಕಾರಕ್ಕೇನು ಕೆಲಸ ಎಂದು ಆ ದೇಶದ ದೊಡ್ಡ ಕ್ಲಬ್‌ಗಳು ವರ್ಷಗಟ್ಟಲೆ ಗೊಣಗಿದ್ದವು. ಅಂಕಿತದ ಮಸಿ ಆರಿ ಮೂರು ತಿಂಗಳಾಗಿತ್ತಷ್ಟೇ. ಅಕ್ಟೋಬರ್ 24ರಂದು, 1867ರಲ್ಲಿ ಹುಟ್ಟಿ ನಾಲ್ಕು ಬಾರಿ ದೇಶದ ಚಾಂಪಿಯನ್ ಆಗಿದ್ದ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ವಶವಾಯಿತು. ಸಾಲ ಮಾಡಿದವರು ಮಾಲೀಕರು. 12 ಅಂಕಗಳನ್ನು ಕಳೆದುಕೊಂಡದ್ದು ತಂಡ.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ 2009-10ರ ಋತುವಿನತ್ತ ನೋಡಬೇಕು. ಆ ವರ್ಷ ಇಂಗ್ಲೆಂಡ್‌ನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಕ್ಲಬ್ ಒಂದೇ ಋತುವಿನಲ್ಲಿ ನಾಲ್ವರು ಮಾಲೀಕರನ್ನು ಕಂಡಿತು. ಪ್ರೀಮಿಯರ್ ಲೀಗ್‌ನಲ್ಲಿದ್ದಾಗಲೇ ಆಡಳಿತಾಧಿಕಾರಿಯ ಕೈಸೇರಿದ ಮೊತ್ತಮೊದಲ ಕ್ಲಬ್ ಎನಿಸಿಕೊಂಡಿತು. ಅದೇ ಋತುವಿನಲ್ಲಿ ಎಫ್‌ಎ ಕಪ್ ಫೈನಲ್ ಕೂಡ ಆಡಿತು. ಇಂಗ್ಲಿಷ್ ಫುಟ್‌ಬಾಲ್‌ನ ವೈಭವ ಮತ್ತು ಹುಳುಕು ಎರಡೂ ಒಂದೇ ತಂಡದಲ್ಲಿ, ಹತ್ತೇ ತಿಂಗಳ ಅವಧಿಯಲ್ಲಿ ಪ್ರಕಟವಾದದ್ದು ಅಪರೂಪದ ಸಂಗತಿ.

ಬಂದರು ನಗರದ ಕ್ಲಬ್

ಪೋರ್ಟ್ಸ್‌ಮತ್ ಬ್ರಿಟಿಷ್ ನೌಕಾಪಡೆಯ ಹಳೆಯ ನೆಲೆ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಹುಟ್ಟಿದ ಊರು. ಇಲ್ಲಿನ ಫುಟ್‌ಬಾಲ್ ಕ್ಲಬ್ 1898ರಲ್ಲಿ ಸ್ಥಾಪನೆಯಾಯಿತು. ಮರುವರ್ಷದಿಂದ ಫ್ರಾಟನ್ ಪಾರ್ಕ್ ಅದರ ತವರು ಮೈದಾನ. 1939ರಲ್ಲಿ ಎಫ್‌ಎ ಕಪ್ ಗೆದ್ದ ಈ ತಂಡ 1949 ಮತ್ತು 1950ರಲ್ಲಿ ಸತತ ಎರಡು ಬಾರಿ ದೇಶದ ಚಾಂಪಿಯನ್ ಆಯಿತು. ಆನಂತರ ದಶಕಗಳ ಕಾಲ ಇಳಿಜಾರು. ಶತಮಾನೋತ್ಸವದ ಋತುವಿನಲ್ಲೇ, ಅಂದರೆ 1998-99ರಲ್ಲಿ, ಕ್ಲಬ್ ಒಮ್ಮೆ ದಿವಾಳಿಯ ಬಾಗಿಲು ತಟ್ಟಿತ್ತು. ಆಗ ಮಿಲಾನ್ ಮಾಂಡರಿಚ್ ಎಂಬ ಉದ್ಯಮಿ ಕೈಹಿಡಿದರು. 2003ರಲ್ಲಿ ಹ್ಯಾರಿ ರೆಡ್‌ನ್ಯಾಪ್ ಅವರ ಮಾರ್ಗದರ್ಶನದಲ್ಲಿ ತಂಡ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು.

ಐಪಿಎಲ್ ಬಲ್ಲ ಓದುಗರಿಗೆ ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಪಡೆದ ತಂಡವೂ ಮರುವರ್ಷ ಅದೇ ಟೂರ್ನಿಯಲ್ಲಿ ಆಡುತ್ತದೆ. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಹಾಗಲ್ಲ. ಪ್ರೀಮಿಯರ್ ಲೀಗ್‌ನ 20 ತಂಡಗಳ ಪೈಕಿ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಲೇಬೇಕು. ಇಳಿದರೆ ಟಿವಿ ಪ್ರಸಾರದ ಹಣ ಒಮ್ಮೆಲೇ ಕುಸಿಯುತ್ತದೆ. ಆದರೆ ಆಟಗಾರರೊಂದಿಗೆ ಮಾಡಿಕೊಂಡ ನಾಲ್ಕೈದು ವರ್ಷಗಳ ಒಪ್ಪಂದ ಹಾಗೆಯೇ ಉಳಿದಿರುತ್ತದೆ. ಮೇಲುಳಿಯುವ ಆಸೆ, ಕೆಳಗಿಳಿಯುವ ಭಯ ಇವೆರಡೂ ಸೇರಿ ಕ್ಲಬ್‌ಗಳನ್ನು ಶಕ್ತಿ ಮೀರಿ ಖರ್ಚು ಮಾಡುವಂತೆ ಪ್ರೇರೇಪಿಸುತ್ತವೆ.

ಪೋರ್ಟ್ಸ್‌ಮತ್‌ನಲ್ಲಿ ಆದದ್ದೂ ಇದೇ. 2006ರಲ್ಲಿ ಅಲೆಕ್ಸಾಂಡರ್ ಗೈದಮಾಕ್ ಕ್ಲಬ್‌ನ ಒಡೆತನ ಪಡೆದ ಮೇಲೆ ದುಬಾರಿ ಆಟಗಾರರ ಪ್ರವಾಹವೇ ಹರಿದುಬಂತು. 2008ರ ಮೇ 17ರಂದು ಕಾರ್ಡಿಫ್ ಸಿಟಿ ವಿರುದ್ಧ ಕಾನು ಗಳಿಸಿದ ಏಕೈಕ ಗೋಲಿನಿಂದ ತಂಡ ಎಫ್‌ಎ ಕಪ್ ಗೆದ್ದುಕೊಂಡಿತು. ಅದೇ ವರ್ಷ ಯುಇಎಫ್‌ಎ ಕಪ್‌ನಲ್ಲಿ ಇಟಲಿಯ ಎ.ಸಿ. ಮಿಲಾನ್ ತಂಡ ಫ್ರಾಟನ್ ಪಾರ್ಕ್‌ಗೆ ಬಂದು 2-2ರ ಸಮಬಲಕ್ಕೆ ತೃಪ್ತಿಪಟ್ಟು ಮರಳಿತು. ಹೊರನೋಟಕ್ಕೆ ಇದು ಸುವರ್ಣಯುಗ.

ಲೆಕ್ಕದ ಪುಸ್ತಕ ಬೇರೆಯೇ ಕತೆ ಹೇಳುತ್ತಿತ್ತು. ಫ್ರಾಟನ್ ಪಾರ್ಕ್‌ನಲ್ಲಿ ಕೂರಲು ಸಾಧ್ಯವಿದ್ದುದು 20 ಸಾವಿರಕ್ಕಿಂತ ತುಸು ಹೆಚ್ಚು ಜನ ಮಾತ್ರ. ಟಿಕೆಟ್ ವರಮಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಥವಾ ಆರ್ಸೆನಲ್‌ಗೆ ಸಾಟಿಯಾಗುವ ಪ್ರಶ್ನೆಯೇ ಇರಲಿಲ್ಲ. ಆದರೂ 2008-09ರಲ್ಲಿ ಕ್ಲಬ್‌ನ ಸಂಬಳದ ಮೊತ್ತ ಒಟ್ಟು ವರಮಾನವನ್ನೇ ಮೀರಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಯಾರಿಗೂ ನೆನಪಾಗಲಿಲ್ಲ. ಮಾಲೀಕರ ಜೇಬಿನಿಂದ ಹಣ ಬರುವ ತನಕ ಎಲ್ಲವೂ ಸುಸೂತ್ರ. ಆ ಜೇಬು ಮುಚ್ಚಿದ ದಿನ ಎಲ್ಲವೂ ನಿಂತುಹೋಗುವ ಏರ್ಪಾಡು ಅದಾಗಿತ್ತು. 2008ರ ಜಾಗತಿಕ ಆರ್ಥಿಕ ಕುಸಿತದ ನಂತರ ಗೈದಮಾಕ್ ಹಣ ಹಾಕುವುದನ್ನು ನಿಲ್ಲಿಸಿದರು.

ಒಂದು ಋತು, ನಾಲ್ವರು ಮಾಲೀಕರು

ರೆಡ್‌ನ್ಯಾಪ್ 2008ರ ಅಕ್ಟೋಬರ್‌ನಲ್ಲೇ ಟಾಟನ್‌ಹ್ಯಾಮ್‌ಗೆ ಹೊರಟುಹೋಗಿದ್ದರು. 2009ರ ಜನವರಿಯಲ್ಲಿ ಜರ್ಮೇನ್ ಡಿಫೊ ಟಾಟನ್‌ಹ್ಯಾಮ್‌ಗೆ, ಲಸಾನಾ ಡಿಯಾರಾ ರಿಯಲ್ ಮ್ಯಾಡ್ರಿಡ್‌ಗೆ ಮಾರಾಟವಾದರು. ಅದೇ ವರ್ಷದ ಬೇಸಿಗೆಯಲ್ಲಿ ಗ್ಲೆನ್ ಜಾನ್ಸನ್ ಲಿವರ್‌ಪೂಲ್‌ಗೆ, ಪೀಟರ್ ಕ್ರೌಚ್ ಮತ್ತು ನಿಕೊ ಕ್ರಾನ್ಯಚಾರ್ ಟಾಟನ್‌ಹ್ಯಾಮ್‌ಗೆ, ಸಿಲ್ವಾಂ ಡಿಸ್ತಾಂ ಎವರ್ಟನ್‌ಗೆ ತೆರಳಿದರು. ಕಪ್ ಗೆದ್ದ ತಂಡದ ಬೆನ್ನೆಲುಬೇ ಹೀಗೆ ಕಳಚಿಬಿತ್ತು.

2009ರ ಆಗಸ್ಟ್ ಕೊನೆಯಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಉದ್ಯಮಿ ಸುಲೈಮಾನ್ ಅಲ್ ಫಹೀಂ ಕ್ಲಬ್ ಖರೀದಿಸಿದರು. ಆರು ವಾರ ತುಂಬುವ ಮೊದಲೇ, ಅಕ್ಟೋಬರ್ ಆರಂಭದಲ್ಲಿ, ಒಡೆತನ ಸೌದಿ ಅರೇಬಿಯಾದ ಅಲಿ ಅಲ್ ಫರಾಜ್ ಅವರಿಗೆ ದಾಟಿತು. 2010ರ ಫೆಬ್ರುವರಿ ಮೊದಲ ವಾರದಲ್ಲಿ, ಕೊಟ್ಟ ಸಾಲ ಹಿಂತಿರುಗಲಿಲ್ಲವೆಂದು ಹಾಂಗ್‌ಕಾಂಗ್‌ನಲ್ಲಿ ನೆಲೆಸಿದ ಉದ್ಯಮಿ ಬಲರಾಂ ಚೈನ್‌ರಾಯ್ ಕ್ಲಬ್ಬನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಗೈದಮಾಕ್ ಅವರನ್ನೂ ಸೇರಿಸಿದರೆ ಒಂದೇ ಋತುವಿನಲ್ಲಿ ನಾಲ್ವರು. ಮನೆ ಮಾರುವವರು ಕೂಡ ಇಷ್ಟು ಅವಸರದಲ್ಲಿ ಕೈ ಬದಲಿಸುವುದಿಲ್ಲ.

ಕ್ಲಬ್ ಕೊಳ್ಳುವವರ ಯೋಗ್ಯತೆಯನ್ನು ಪರೀಕ್ಷಿಸಲು ಪ್ರೀಮಿಯರ್ ಲೀಗ್‌ನಲ್ಲಿ ಆಗಲೂ ಒಂದು ನಿಯಮವಿತ್ತು. ಆದರೆ ಅದು ಮುಖ್ಯವಾಗಿ ಕೇಳುತ್ತಿದ್ದುದು, ಈ ವ್ಯಕ್ತಿ ವಂಚನೆಯಂಥ ಅಪರಾಧಕ್ಕೆ ಶಿಕ್ಷೆ ಅನುಭವಿಸಿದ್ದಾರೆಯೇ, ಹಿಂದೆ ಕ್ಲಬ್‌ಗಳನ್ನು ದಿವಾಳಿ ಎಬ್ಬಿಸಿದ್ದಾರೆಯೇ ಎಂದು. ಕ್ಲಬ್ ನಡೆಸುವಷ್ಟು ಹಣ ನಿಜಕ್ಕೂ ಅವರ ಬಳಿ ಇದೆಯೇ, ಆ ಹಣ ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಸಿಗಬೇಕಾದ ತೂಕ ಸಿಗುತ್ತಿರಲಿಲ್ಲ. ಹೀಗಾಗಿ ಒಬ್ಬರ ಹಿಂದೆ ಒಬ್ಬರು ಬಂದರು, ಹೋದರು. ನಿಯಮ ಪುಸ್ತಕದಲ್ಲಿ ಭದ್ರವಾಗಿತ್ತು.

ಮೈದಾನದಲ್ಲಿ ತಂಡ ಮೊದಲ ಏಳು ಲೀಗ್ ಪಂದ್ಯಗಳನ್ನೂ ಸೋತಿತು. ಅಕ್ಟೋಬರ್ 3ರಂದು ವುಲ್ವರ್‌ಹ್ಯಾಂಪ್ಟನ್ ವಿರುದ್ಧ 1-0ಯಿಂದ ಗೆದ್ದಾಗಲೇ ಖಾತೆ ತೆರೆದದ್ದು. ಅದೇ ತಿಂಗಳಿನಿಂದ ಆಟಗಾರರ ಸಂಬಳ ತಡವಾಗತೊಡಗಿತು. ಆ ಋತುವಿನಲ್ಲಿ ಇದು ಹಲವು ಬಾರಿ ಮರುಕಳಿಸಿತು. ಹೊಸ ಆಟಗಾರರನ್ನು ಕೊಳ್ಳದಂತೆ ಲೀಗ್ ನಿರ್ಬಂಧ ಹೇರಿತು. ನವೆಂಬರ್‌ನಲ್ಲಿ ವ್ಯವಸ್ಥಾಪಕ ಪಾಲ್ ಹಾರ್ಟ್ ಅವರನ್ನು ಕೈಬಿಟ್ಟು, ಒಮ್ಮೆ ಚೆಲ್ಸಿ ತಂಡವನ್ನು ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಒಯ್ದಿದ್ದ ಇಸ್ರೇಲ್‌ನ ಅವ್ರಾಂ ಗ್ರಾಂಟ್ ಅವರನ್ನು ತರಲಾಯಿತು. ಡಿಸೆಂಬರ್‌ನಲ್ಲಿ ತೆರಿಗೆ ಇಲಾಖೆ ಕ್ಲಬ್ಬನ್ನು ಮುಚ್ಚಿಸಲು ಕೋರ್ಟ್ ಮೆಟ್ಟಿಲೇರಿತು. ಜನವರಿಯಲ್ಲಿ ಪ್ರೀಮಿಯರ್ ಲೀಗ್, ಪೋರ್ಟ್ಸ್‌ಮತ್‌ಗೆ ಸಲ್ಲಬೇಕಿದ್ದ ಟಿವಿ ಹಣವನ್ನು ತಡೆಹಿಡಿದು ಇತರ ಕ್ಲಬ್‌ಗಳ ಬಾಕಿಗೆ ನೇರವಾಗಿ ಸಂದಾಯ ಮಾಡಿತು. ಯಾರ ಬಾಕಿ ಮೊದಲು ಎಂಬುದರ ಮುನ್ಸೂಚನೆ ಅದರಲ್ಲೇ ಇತ್ತು.

ಫೆಬ್ರುವರಿ 26ರಂದು ಕ್ಲಬ್ ಅಧಿಕೃತವಾಗಿ ಆಡಳಿತಾಧಿಕಾರಿಯ ವಶಕ್ಕೆ ಹೋಯಿತು. ಸಾಲದಲ್ಲಿ ಮುಳುಗಿದ ಕಂಪನಿಯನ್ನು ಒಮ್ಮೆಲೇ ಮುಚ್ಚದೆ, ನ್ಯಾಯಾಲಯದ ರಕ್ಷಣೆಯಲ್ಲಿ ಇರಿಸಿ, ಸಾಲದಾತರೊಂದಿಗೆ ರಾಜಿ ಮಾಡಿಸಿ ಉಳಿಸಲು ಯತ್ನಿಸುವ ಬ್ರಿಟಿಷ್ ಕಾನೂನಿನ ಕ್ರಮವಿದು. ಮಾರ್ಚ್‌ನಲ್ಲಿ 85 ಮಂದಿ ನೌಕರರು ಕೆಲಸ ಕಳೆದುಕೊಂಡರು. ಅವರ ಪೈಕಿ ಯಾರೂ ಕ್ಲಬ್‌ನ ಹೆಸರಿನಲ್ಲಿ ಆಟಗಾರರನ್ನು ಕೊಂಡವರಲ್ಲ. ಮಾರ್ಚ್ 17ರಂದು ಲೀಗ್ ಒಂಬತ್ತು ಅಂಕಗಳನ್ನು ಕಡಿತ ಮಾಡಿತು.

ಅಂಕ ಕಡಿತದ ನ್ಯಾಯ

ಅಂಕ ಕಡಿತದ ಹಿಂದೆ ಒಂದು ತರ್ಕವಿದೆ. ಸಾಲ ಮಾಡಿ ಒಳ್ಳೆಯ ಆಟಗಾರರನ್ನು ಇಟ್ಟುಕೊಂಡು ಗೆದ್ದು, ಆಮೇಲೆ ದಿವಾಳಿ ಹೆಸರಿನಲ್ಲಿ ಸಾಲವನ್ನು ಕೊಡವಿಕೊಂಡರೆ, ಹಣಕ್ಕೆ ತಕ್ಕಂತೆ ಬದುಕಿದ ಇತರ ಕ್ಲಬ್‌ಗಳಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ದಿವಾಳಿಗೆ ಕ್ರೀಡಾ ಶಿಕ್ಷೆಯೂ ಇರಬೇಕು ಎಂಬುದು ಲೀಗ್‌ಗಳ ವಾದ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ.

ಆದರೆ ಪೋರ್ಟ್ಸ್‌ಮತ್ ವಿಷಯದಲ್ಲಿ ಆ ಶಿಕ್ಷೆ ಏನನ್ನು ಸಾಧಿಸಿತು? 38 ಪಂದ್ಯಗಳಲ್ಲಿ ತಂಡ ಗೆದ್ದದ್ದು 7, ಸಮ ಮಾಡಿಕೊಂಡದ್ದು 7, ಸೋತದ್ದು 24. ಗಳಿಸಿದ 28 ಅಂಕಗಳಲ್ಲಿ ಒಂಬತ್ತು ಕಳೆದು ಉಳಿದದ್ದು 19. ಮೇಲಿನ ಎರಡು ಸ್ಥಾನಗಳಲ್ಲಿದ್ದ ಬರ್ನ್‌ಲಿ ಮತ್ತು ಹಲ್ ಸಿಟಿ ತಂಡಗಳಿಗೆ ತಲಾ 30 ಅಂಕಗಳಿದ್ದವು. ಅಂದರೆ ಕಡಿತ ಇರಲಿ, ಇಲ್ಲದಿರಲಿ, ಪೋರ್ಟ್ಸ್‌ಮತ್ ಕೊನೆಯ ಸ್ಥಾನದಲ್ಲೇ ಇರುತ್ತಿತ್ತು. ತಂಡವನ್ನು ಕೆಳಕ್ಕೆ ತಳ್ಳಿದ್ದು ಲೀಗ್‌ನ ಶಿಕ್ಷೆಯಲ್ಲ. ಆಟಗಾರರನ್ನು ಮಾರಿಕೊಂಡು ದಿನ ದೂಡಿದ ಆಡಳಿತ. ಶಿಕ್ಷೆ ಪಟ್ಟಿಯ ಮೇಲೆ ಬಿತ್ತು. ಆ ಹೊತ್ತಿಗೆ ಹಳೆಯ ಮಾಲೀಕರು ಪಟ್ಟಿಯಲ್ಲೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ನಡೆದದ್ದು ಅಕ್ಷರಶಃ ಅದೇ.

ವೆಂಬ್ಲಿಯ ಎರಡು ದಿನ

ಈ ಕತ್ತಲೆಯ ನಡುವೆಯೇ ಎಫ್‌ಎ ಕಪ್‌ನ ಓಟ ಸಾಗಿತ್ತು. ಕವೆಂಟ್ರಿಯನ್ನು ಮರುಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಸೋಲಿಸಿದ ತಂಡ ಸಂಡರ್‌ಲ್ಯಾಂಡನ್ನು ಹಿಮ್ಮೆಟ್ಟಿಸಿತು. ಫೆಬ್ರುವರಿ 13ರಂದು ಬದ್ಧವೈರಿ ಸೌತಾಂಪ್ಟನ್ ತಂಡವನ್ನು ಅದರದೇ ಮೈದಾನದಲ್ಲಿ 4-1ರಿಂದ ಮಣಿಸಿತು. ಮಾರ್ಚ್ 6ರಂದು ಫ್ರೆಡರಿಕ್ ಪಿಕಿಯೋನ್ ಗಳಿಸಿದ ಎರಡು ಗೋಲುಗಳಿಂದ ಬರ್ಮಿಂಗ್‌ಹ್ಯಾಂ ಸಿಟಿ ವಿರುದ್ಧ ಗೆದ್ದು ಸೆಮಿಫೈನಲ್ ತಲುಪಿತು.

ಏಪ್ರಿಲ್ 10ರ ಶನಿವಾರ ವೆಸ್ಟ್ ಹ್ಯಾಂ ತಂಡ ಸಂಡರ್‌ಲ್ಯಾಂಡ್ ವಿರುದ್ಧ ಗೆಲ್ಲುತ್ತಿದ್ದಂತೆ, ಅಂದು ಪಂದ್ಯವನ್ನೇ ಆಡದ ಪೋರ್ಟ್ಸ್‌ಮತ್‌ನ ಹಿಂಬಡ್ತಿ ಖಚಿತವಾಯಿತು. ಮರುದಿನವೇ ವೆಂಬ್ಲಿಯಲ್ಲಿ ಸೆಮಿಫೈನಲ್. ಎದುರಾಳಿ ಟಾಟನ್‌ಹ್ಯಾಮ್. ಅದರ ವ್ಯವಸ್ಥಾಪಕ ರೆಡ್‌ನ್ಯಾಪ್. ಕ್ರೌಚ್, ಡಿಫೊ, ಕ್ರಾನ್ಯಚಾರ್ ಎಲ್ಲರೂ ಆ ಪಾಳಯದಲ್ಲಿ. ಪೋರ್ಟ್ಸ್‌ಮತ್ ಮಾರಿಕೊಂಡ ತಂಡವೇ ಪೋರ್ಟ್ಸ್‌ಮತ್‌ಗೆ ಎದುರಾಗಿ ನಿಂತಂತಿತ್ತು. ನಿಗದಿತ ಅವಧಿಯಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಪಿಕಿಯೋನ್ ಒಂದು ಗೋಲು ಗಳಿಸಿದರೆ, ಹಿಂದೆ ಟಾಟನ್‌ಹ್ಯಾಮ್‌ನಲ್ಲೇ ಇದ್ದ ಕೆವಿನ್ ಪ್ರಿನ್ಸ್ ಬೋಟೆಂಗ್ ಪೆನಾಲ್ಟಿಯಲ್ಲಿ ಇನ್ನೊಂದನ್ನು ಸೇರಿಸಿದರು. 2-0. ಹಿಂಬಡ್ತಿ ಪಡೆದ ಮರುದಿನ ಕಪ್ ಫೈನಲ್ ಪ್ರವೇಶ!

ದಿವಾಳಿ ಆಟದೊಳಗೆ ಎಷ್ಟರಮಟ್ಟಿಗೆ ಕೈಹಾಕಿತ್ತು ಎಂಬುದಕ್ಕೆ ಅರೂನಾ ಡಿಂಡಾನೆ ಪ್ರಸಂಗ ಸಾಕ್ಷಿ. ಫ್ರಾನ್ಸ್‌ನ ಲಾನ್ಸ್ ಕ್ಲಬ್‌ನಿಂದ ಎರವಲು ಬಂದಿದ್ದ ಈ ಮುಂಪಡೆ ಆಟಗಾರ ಇನ್ನೊಂದು ಪಂದ್ಯ ಆಡಿದರೆ ಆ ಕ್ಲಬ್‌ಗೆ ದೊಡ್ಡ ಮೊತ್ತ ತೆರಬೇಕೆಂಬ ಷರತ್ತು ಒಪ್ಪಂದದಲ್ಲಿತ್ತು. ಹಣವಿಲ್ಲದ ಕಾರಣ ಅವರನ್ನು ಬೆಂಚಿನಿಂದಲೇ ದೂರ ಇಡಲಾಯಿತು. ಕೊನೆಗೆ ಲಾನ್ಸ್ ಒಪ್ಪಿದ ಮೇಲಷ್ಟೇ ಅವರು ಫೈನಲ್ ಆಡಿದರು. ತಂಡದ ಆಯ್ಕೆಯನ್ನು ತರಬೇತುದಾರನ ಬದಲು ಲೆಕ್ಕಿಗ ಮಾಡುವ ಸ್ಥಿತಿ ಅದು.

ಮೇ 15ರ ಫೈನಲ್‌ನಲ್ಲಿ ಎದುರಾಳಿ ಆ ವರ್ಷದ ಲೀಗ್ ಚಾಂಪಿಯನ್ ಚೆಲ್ಸಿ. ಮೊದಲಾರ್ಧದಲ್ಲೇ ಚೆಲ್ಸಿ ಹೊಡೆತಗಳು ಐದು ಬಾರಿ ಗೋಲು ಕಂಬಕ್ಕೂ ಅಡ್ಡಪಟ್ಟಿಗೂ ಬಡಿದವು. ನಾಯಕ ಡೇವಿಡ್ ಜೇಮ್ಸ್ ಗೋಲಿನ ಮುಂದೆ ಗೋಡೆಯಾಗಿ ನಿಂತರು. ದ್ವಿತೀಯಾರ್ಧದ ಆರಂಭದಲ್ಲಿ ಪೋರ್ಟ್ಸ್‌ಮತ್‌ಗೆ ಪೆನಾಲ್ಟಿ ಸಿಕ್ಕಿತು. ಬೋಟೆಂಗ್ ಒದ್ದ ಚೆಂಡನ್ನು ಪೀಟರ್ ಚೆಕ್ ತಡೆದರು. ಕೆಲವೇ ನಿಮಿಷಗಳಲ್ಲಿ ಡಿಡಿಯೆ ಡ್ರೋಗ್ಬಾ ಫ್ರೀ ಕಿಕ್ ಮೂಲಕ ಪಂದ್ಯದ ಏಕೈಕ ಗೋಲು ಗಳಿಸಿದರು. ಫ್ರಾಂಕ್ ಲ್ಯಾಂಪಾರ್ಡ್ ಕೂಡ ಒಂದು ಪೆನಾಲ್ಟಿ ಹಾಳುಮಾಡಿದರು. ಸೋತ ತಂಡದ ಬೆಂಬಲಿಗರು ಮಾತ್ರ ಹಾಡು ನಿಲ್ಲಿಸಲಿಲ್ಲ.

ಸೋತರೂ ಪೋರ್ಟ್ಸ್‌ಮತ್‌ಗೆ ಒಂದು ಬಹುಮಾನ ಸಿಗಬೇಕಿತ್ತು. ಚೆಲ್ಸಿ ಲೀಗ್ ಮೂಲಕವೇ ಚಾಂಪಿಯನ್ಸ್ ಲೀಗ್‌ಗೆ ಅರ್ಹವಾಗಿದ್ದುದರಿಂದ ಕಪ್‌ನ ಯುರೋಪಾ ಲೀಗ್ ಸ್ಥಾನ ರನ್ನರ್ಸ್ ಅಪ್ ತಂಡಕ್ಕೆ ಸಲ್ಲುತ್ತಿತ್ತು. ಆದರೆ ಯುರೋಪ್‌ನಲ್ಲಿ ಆಡಲು ಬೇಕಾದ ಪರವಾನಗಿಗೆ ಕ್ಲಬ್ ಗಡುವಿನೊಳಗೆ ಅರ್ಜಿ ಹಾಕಿರಲಿಲ್ಲ. ತಡವಾಗಿ ಬಂದ ಅರ್ಜಿಯನ್ನು ಫುಟ್‌ಬಾಲ್ ಸಂಸ್ಥೆ ಮತ್ತು ಪ್ರೀಮಿಯರ್ ಲೀಗ್ ಪರಿಗಣಿಸಲಿಲ್ಲ. ಲೀಗ್‌ನಲ್ಲಿ ಏಳನೆಯದಾದ ಲಿವರ್‌ಪೂಲ್‌ಗೆ ಆ ಸ್ಥಾನ ಹೋಯಿತು. ಆಟಗಾರರು ಕಾಲಿನಿಂದ ಗಳಿಸಿದ್ದನ್ನು ಕಚೇರಿ ಕಳೆಯಿತು.

ಯಾರಿಗೆ ಪೂರ್ತಿ, ಯಾರಿಗೆ ಪುಡಿಗಾಸು?

ಈ ಋತುವಿನ ಅಸಲು ಪಾಠ ಇರುವುದು ಮೈದಾನದಲ್ಲಲ್ಲ, ಸಾಲದ ಪಟ್ಟಿಯಲ್ಲಿ. ಆಡಳಿತಾಧಿಕಾರಿ ಸಿದ್ಧಪಡಿಸಿದ ಲೆಕ್ಕದ ಪ್ರಕಾರ ಕ್ಲಬ್‌ನ ಒಟ್ಟು ಋಣ ಸುಮಾರು 12 ಕೋಟಿ ಪೌಂಡ್. ಅದರಲ್ಲಿ ಮಾಜಿ ಮಾಲೀಕರಿದ್ದರು, ಇತರ ಕ್ಲಬ್‌ಗಳಿದ್ದವು, ಆಟಗಾರರ ಏಜೆಂಟರಿದ್ದರು, ತೆರಿಗೆ ಇಲಾಖೆ ಇತ್ತು. ಪಟ್ಟಿಯ ತಳದಲ್ಲಿ ಊರಿನ ಸಣ್ಣ ವ್ಯಾಪಾರಿಗಳು, ಸ್ಕೌಟ್ ತಂಡ, ಮತ್ತು ಪಂದ್ಯದ ದಿನ ಪ್ರಥಮ ಚಿಕಿತ್ಸೆಗೆ ಸ್ವಯಂಸೇವಕರನ್ನು ಕಳಿಸುತ್ತಿದ್ದ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯೂ ಇತ್ತು. ಆ ಸೇವಾಸಂಸ್ಥೆಗೆ ಬರಬೇಕಿದ್ದುದು ಎರಡು ಸಾವಿರದ ಚಿಲ್ಲರೆ ಪೌಂಡ್. ಒಬ್ಬ ತಾರಾ ಆಟಗಾರನ ಒಂದು ದಿನದ ಸಂಬಳಕ್ಕೂ ಅದು ಸಮವಲ್ಲ.

ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ 'ಫುಟ್‌ಬಾಲ್ ಸಾಲದಾತರ ನಿಯಮ' ಎಂಬುದೊಂದಿದೆ. ದಿವಾಳಿಯಾದ ಕ್ಲಬ್ ಮತ್ತೆ ಲೀಗ್‌ನಲ್ಲಿ ಆಡಬೇಕಾದರೆ ಆಟಗಾರರ ಬಾಕಿ ಸಂಬಳ, ಇತರ ಕ್ಲಬ್‌ಗಳಿಗೆ ಕೊಡಬೇಕಾದ ವರ್ಗಾವಣೆ ಹಣ ಮುಂತಾದವನ್ನು ಪೂರ್ತಿಯಾಗಿ ಚುಕ್ತಾ ಮಾಡಬೇಕು. ಉಳಿದವರೆಲ್ಲ ರಾಜಿಗೆ ಒಪ್ಪಬೇಕು. ಪೋರ್ಟ್ಸ್‌ಮತ್‌ನ ರಾಜಿ ಸೂತ್ರ ಹೀಗಿತ್ತು: ಭದ್ರತೆಯಿಲ್ಲದ ಸಾಲದಾತರಿಗೆ ಪೌಂಡ್‌ಗೆ 20 ಪೆನ್ಸ್, ಅದೂ ಐದು ವರ್ಷಗಳವರೆಗಿನ ಕಂತಿನಲ್ಲಿ. ಅಂದರೆ ಆಟಗಾರನಿಗೆ ರೂಪಾಯಿಗೆ ನೂರು ಪೈಸೆ. ಆಂಬುಲೆನ್ಸ್ ಸ್ವಯಂಸೇವಕರಿಗೆ ಇಪ್ಪತ್ತು ಪೈಸೆ.

ಲೀಗ್‌ಗಳಿಗೆ ಇದಕ್ಕೂ ಸಮರ್ಥನೆಯಿದೆ. ಕ್ಲಬ್‌ಗಳು ಒಂದಕ್ಕೊಂದು ಸಾಲ ಕೊಟ್ಟುಕೊಂಡೇ ಆಟಗಾರರನ್ನು ಕೊಳ್ಳುತ್ತವೆ. ಒಂದು ಕ್ಲಬ್ ಬಾಕಿ ಉಳಿಸಿಕೊಂಡರೆ ಅದರ ಹಿಂದೆ ನಾಲ್ಕು ಕ್ಲಬ್‌ಗಳು ಉರುಳುತ್ತವೆ, ಹೀಗಾದರೆ ಪಂದ್ಯಾವಳಿಯೇ ನಡೆಯದು ಎಂಬುದು ಅವುಗಳ ವಾದ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ನೋಡಬೇಕು. ಸಾಲದಲ್ಲಿರುವ ಕ್ಲಬ್‌ಗೆ ಆಟಗಾರನನ್ನು ಮಾರುವ ಇನ್ನೊಂದು ಕ್ಲಬ್‌ಗೆ ತನ್ನ ಹಣ ಹೇಗೂ ಬರುತ್ತದೆ ಎಂಬ ಖಾತರಿ ಇದ್ದರೆ, ಅದು ಕೊಳ್ಳುವವನ ಯೋಗ್ಯತೆ ನೋಡುವುದೇಕೆ? ದುಂದುವೆಚ್ಚವನ್ನು ತಡೆಯಬಲ್ಲ ಸ್ಥಾನದಲ್ಲಿ ಇರುವವರಿಗೇ ದುಂದುವೆಚ್ಚದ ಅಪಾಯವಿಲ್ಲ. ಅಪಾಯ ಇರುವುದು ಅದನ್ನು ತಡೆಯಲಾಗದವರಿಗೆ. ಹೀಗೆ ಆಟದೊಳಗಿನವರನ್ನು ಕಾಪಾಡುವ ನಿಯಮ ಆಟದ ಹೊರಗಿನವರಿಗೆ ದಂಡವಾಗುತ್ತದೆ.

ತೆರಿಗೆ ಇಲಾಖೆ ಸುಮ್ಮನಿರಲಿಲ್ಲ. ಆಟಗಾರರ 'ಚಿತ್ರ ಹಕ್ಕು' ಎಂಬ ಹೆಸರಿನಲ್ಲಿ ಸಂದಾಯವಾದ ಹಣದ ಮೇಲಿನ ತೆರಿಗೆಯೂ ಸೇರಿ ತನಗೆ ಸುಮಾರು 3.7 ಕೋಟಿ ಪೌಂಡ್ ಬರಬೇಕು ಎಂದಿತು. ಆಡಳಿತಾಧಿಕಾರಿ ಮತದಾನದ ಉದ್ದೇಶಕ್ಕೆ ಒಪ್ಪಿದ್ದು ಸುಮಾರು 2.4 ಕೋಟಿಯನ್ನು ಮಾತ್ರ. ಈ ವ್ಯತ್ಯಾಸ ಬರಿಯ ಅಂಕಿಯಲ್ಲ. ರಾಜಿಗೆ ಸಾಲದ ಮೊತ್ತದ ಶೇ 75ರಷ್ಟು ಬೆಂಬಲ ಬೇಕು. ಇಲಾಖೆಯ ಪಾಲು ಹಿಗ್ಗಿದರೆ ಅದೊಂದೇ ರಾಜಿಯನ್ನು ತಡೆಯಬಹುದಿತ್ತು. 2010ರ ಜೂನ್‌ನಲ್ಲಿ ರಾಜಿ ಅಂಗೀಕಾರವಾಯಿತು. ಇಲಾಖೆ ಹೈಕೋರ್ಟ್‌ಗೆ ಹೋಯಿತು. ಆಗಸ್ಟ್ 5ರಂದು ನ್ಯಾಯಮೂರ್ತಿ ಮ್ಯಾನ್ ಆ ಮೇಲ್ಮನವಿಯನ್ನು ವಜಾಗೊಳಿಸಿದರು. ಕ್ಲಬ್ ಉಳಿಯಿತು.

ಇಲಾಖೆ ಇಷ್ಟಕ್ಕೇ ಬಿಡದೆ ನಿಯಮವನ್ನೇ ಪ್ರಶ್ನಿಸಿ ಫುಟ್‌ಬಾಲ್ ಲೀಗ್ ವಿರುದ್ಧ ಮತ್ತೊಂದು ಮೊಕದ್ದಮೆ ಹೂಡಿತು. 2012ರ ಮೇ ತಿಂಗಳಲ್ಲಿ ಅದರಲ್ಲೂ ಸೋತಿತು. ಆದರೆ ಈ ತೀರ್ಪನ್ನು ನಿಯಮದ ಸಮರ್ಥನೆ ಎಂದು ಭಾವಿಸಬಾರದೆಂದು ನ್ಯಾಯಾಧೀಶರು ಎಚ್ಚರಿಸಿದರು. ಕಾನೂನಿಗೆ ಒಪ್ಪಿತವಾದದ್ದೆಲ್ಲ ನ್ಯಾಯಸಮ್ಮತವಾಗಿರಬೇಕಿಲ್ಲ ಎಂಬುದನ್ನು ನ್ಯಾಯಾಲಯವೇ ಪರೋಕ್ಷವಾಗಿ ಒಪ್ಪಿಕೊಂಡಂತಾಯಿತು. ಬ್ರಿಟನ್‌ನಲ್ಲಿ 2003ರಲ್ಲಿ ರದ್ದಾಗಿದ್ದ ತೆರಿಗೆ ಬಾಕಿಯ ಆದ್ಯತೆ 2020ರ ಡಿಸೆಂಬರ್‌ನಿಂದ ಭಾಗಶಃ ಮರಳಿ ಬಂದಿದೆ. ಅದು ಸರಕಾರಕ್ಕೆ ಆದ ಅನುಕೂಲ. ಬೇಕರಿಯವನಿಗೂ ಹೂವಿನ ಅಂಗಡಿಯವನಿಗೂ ಅಲ್ಲ. ಕೆಳಗಿನ ದರ್ಜೆಗಳ ಲೀಗ್ 2015ರಲ್ಲಿ ತನ್ನ ನಿಯಮ ತಿದ್ದಿ, ಸಾಮಾನ್ಯ ಸಾಲದಾತರಿಗೆ ಪೌಂಡ್‌ಗೆ ಕನಿಷ್ಠ 25 ಪೆನ್ಸ್, ಇಲ್ಲವೇ ಮೂರು ವರ್ಷಗಳಲ್ಲಿ 35 ಪೆನ್ಸ್ ಸಲ್ಲಬೇಕೆಂದು ಗೊತ್ತುಪಡಿಸಿತು. ಇಪ್ಪತ್ತರಿಂದ ಇಪ್ಪತ್ತೈದು. ಸುಧಾರಣೆಯ ವೇಗ ಇಷ್ಟು.

ಮತ್ತೆ ಅದೇ ಹಳ್ಳ

ಒಮ್ಮೆ ಬಿದ್ದ ಹಳ್ಳಕ್ಕೆ ಮತ್ತೆ ಬೀಳಬಾರದು ಎನ್ನುತ್ತಾರೆ. ಪೋರ್ಟ್ಸ್‌ಮತ್ ಬಿದ್ದಿತು. 2011ರ ಜೂನ್‌ನಲ್ಲಿ ಚೈನ್‌ರಾಯ್ ಅವರಿಂದ ಕ್ಲಬ್ ಕೊಂಡದ್ದು ವ್ಲಾದಿಮಿರ್ ಆಂತೊನೊವ್ ಅವರ ಸಂಸ್ಥೆ. ನವೆಂಬರ್ ಹೊತ್ತಿಗೆ ಆ ಸಂಸ್ಥೆಯೇ ದಿವಾಳಿಯಾಯಿತು. 2012ರ ಫೆಬ್ರುವರಿಯಲ್ಲಿ ಕ್ಲಬ್ ಎರಡೇ ವರ್ಷಗಳಲ್ಲಿ ಎರಡನೇ ಬಾರಿ ಆಡಳಿತಾಧಿಕಾರಿಯ ವಶವಾಗಿ 10 ಅಂಕ ಕಳೆದುಕೊಂಡಿತು. 2012ರಲ್ಲಿ ಮೂರನೇ ದರ್ಜೆಗೆ, 2013ರಲ್ಲಿ ನಾಲ್ಕನೇ ದರ್ಜೆಗೆ ಇಳಿಯಿತು. ಐದು ವರ್ಷದ ಹಿಂದೆ ಕಪ್ ಎತ್ತಿದ್ದ ತಂಡದ ಗತಿ ಇದು.

ಕೊನೆಗೆ ಕೈಹಿಡಿದವರು ಕೋಟ್ಯಧಿಪತಿಗಳಲ್ಲ, ಊರಿನವರು. ಬೆಂಬಲಿಗರು ತಲಾ ಸಾವಿರ ಪೌಂಡ್ ಹಾಕಿ ಷೇರು ಕೊಂಡರು. ಹಾಗೆ ಕೊಂಡವರು 2,000ಕ್ಕೂ ಹೆಚ್ಚು. ಸ್ಥಳೀಯ ಉದ್ಯಮಿಗಳೂ ಜತೆಯಾದರು. 2013ರ ಏಪ್ರಿಲ್‌ನಲ್ಲಿ ಬೆಂಬಲಿಗರ ಟ್ರಸ್ಟ್ ಕ್ಲಬ್‌ನ ಒಡೆತನ ಪಡೆಯಿತು. ಮರುವರ್ಷವೇ ಹಳೆಯ ಸಾಲವೆಲ್ಲ ತೀರಿತೆಂದು ಕ್ಲಬ್ ಪ್ರಕಟಿಸಿತು. 2017ರಲ್ಲಿ ನಾಲ್ಕನೇ ದರ್ಜೆಯ ಚಾಂಪಿಯನ್ ಆಯಿತು. ದೊಡ್ಡ ದೊಡ್ಡ ಉದ್ಯಮಿಗಳಿಗೆ ಆಗದ ಲೆಕ್ಕ, ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂರುವವರಿಗೆ ಸಾಧ್ಯವಾಯಿತು.

ಆದರೆ ಈ ಕತೆಯನ್ನು ಸುಖಾಂತವೆಂದು ಮುಗಿಸುವಂತಿಲ್ಲ. 2017ರಲ್ಲಿ ಅದೇ ಷೇರುದಾರರು ಭಾರಿ ಬಹುಮತದಿಂದ ಕ್ಲಬ್ಬನ್ನು ವಾಲ್ಟ್ ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಅವರ ಸಂಸ್ಥೆಗೆ ಮಾರಲು ಒಪ್ಪಿದರು. ಹಳೆಯ ಮೈದಾನದ ದುರಸ್ತಿಗೂ ಮೇಲಿನ ದರ್ಜೆಯ ಪೈಪೋಟಿಗೂ ಜನರ ಉಳಿತಾಯ ಸಾಲದು ಎಂಬುದೇ ಕಾರಣ. ತಂಡ 2024ರಲ್ಲಿ ಮೂರನೇ ದರ್ಜೆ ಗೆದ್ದು ಚಾಂಪಿಯನ್‌ಷಿಪ್‌ಗೆ ಏರಿತು. ಊರಿನವರ ಒಡೆತನ ಕ್ಲಬ್ಬನ್ನು ಸಾವಿನಿಂದ ಉಳಿಸಬಲ್ಲದು; ಕೋಟ್ಯಧಿಪತಿಗಳ ನಡುವೆ ಗೆಲ್ಲಿಸುವುದು ಕಷ್ಟ. ಪೈಪೋಟಿಯ ಸ್ವರೂಪವೇ ಹಾಗಿರುವಾಗ ಪ್ರತಿ ಕ್ಲಬ್ಬೂ ಒಬ್ಬ ಧಣಿಯನ್ನು ಹುಡುಕುತ್ತಲೇ ಇರುತ್ತದೆ. ಧಣಿ ಎಂಥವನು ಎಂಬುದೇ ಆಗ ಜೀವನ್ಮರಣದ ಪ್ರಶ್ನೆ.

ಕಾನೂನಿನ ಮುಂದಿರುವ ಪರೀಕ್ಷೆ

ಪೋರ್ಟ್ಸ್‌ಮತ್ ಬಳಿಕವೂ ಇಂಗ್ಲೆಂಡ್ ಎಚ್ಚೆತ್ತುಕೊಳ್ಳಲು ಹದಿನೈದು ವರ್ಷ ತೆಗೆದುಕೊಂಡಿತು. 2019ರ ಆಗಸ್ಟ್‌ನಲ್ಲಿ ಬರಿ ಕ್ಲಬ್ಬನ್ನು ಲೀಗ್‌ನಿಂದಲೇ ಹೊರಹಾಕಲಾಯಿತು. 2021-22ರಲ್ಲಿ ಡರ್ಬಿ ಕೌಂಟಿ 21 ಅಂಕ ಕಳೆದುಕೊಂಡು ಕೆಳಗಿಳಿಯಿತು. ಆದರೂ ಸರಕಾರ ಕಣ್ಣು ತೆರೆದದ್ದು 2021ರ ಏಪ್ರಿಲ್‌ನಲ್ಲಿ ಆರು ಶ್ರೀಮಂತ ಕ್ಲಬ್‌ಗಳು ಯುರೋಪಿಯನ್ ಸೂಪರ್ ಲೀಗ್ ಸೇರಲು ಹೊರಟಾಗ. ಸಂಸತ್ ಸದಸ್ಯೆ ಟ್ರೇಸಿ ಕ್ರೌಚ್ ನೇತೃತ್ವದ ಪರಿಶೀಲನೆ ಅದೇ ವರ್ಷ ಸ್ವತಂತ್ರ ನಿಯಂತ್ರಕ ಬೇಕೆಂದು ಶಿಫಾರಸು ಮಾಡಿತು. ಬಡ ಕ್ಲಬ್‌ಗಳು ಸಾಯುವಾಗ ಕೇಳದ ಕೂಗು, ಸಿರಿವಂತ ಕ್ಲಬ್‌ಗಳು ಊರು ಬಿಡುತ್ತೇವೆಂದಾಗ ಕೇಳಿಸಿತು.

2025ರ ಶಾಸನ ಪುರುಷರ ಫುಟ್‌ಬಾಲ್‌ನ ಮೇಲಿನ ಐದು ದರ್ಜೆಗಳಿಗೆ ಅನ್ವಯಿಸುತ್ತದೆ. ಕ್ಲಬ್‌ಗಳು ಪರವಾನಗಿ ಪಡೆಯಬೇಕು. ಮಾಲೀಕರ ಯೋಗ್ಯತೆಯ ಜತೆಗೆ ಅವರ ಹಣದ ಮೂಲವನ್ನೂ ಪರೀಕ್ಷಿಸುವ ಅಧಿಕಾರ ನಿಯಂತ್ರಕರಿಗಿದೆ. ಮೈದಾನ ಮಾರುವುದಕ್ಕೂ ಕ್ಲಬ್‌ನ ಬಣ್ಣ, ಲಾಂಛನಗಳನ್ನು ಬದಲಿಸುವುದಕ್ಕೂ ಲಗಾಮು ಹಾಕಲಾಗಿದೆ. 2009ರಲ್ಲಿ ಈ ಕಾನೂನು ಇದ್ದಿದ್ದರೆ ಪೋರ್ಟ್ಸ್‌ಮತ್‌ನ ಒಡೆತನ ಅಷ್ಟು ಸಲೀಸಾಗಿ ಕೈಯಿಂದ ಕೈಗೆ ಜಾರುತ್ತಿರಲಿಲ್ಲ ಎನ್ನಬಹುದು.

ಆದರೆ ಒಂದು ಕೊರತೆ ಉಳಿದಿದೆ. ಬೇಲಿಯನ್ನು ಎಷ್ಟೇ ಭದ್ರಗೊಳಿಸಿದರೂ ಯಾವುದೋ ಒಂದು ಕ್ಲಬ್ ಮತ್ತೆ ಮುಳುಗುತ್ತದೆ. ಆಗ ನಷ್ಟ ಹೊರುವವರು ಯಾರು ಎಂಬ ಪ್ರಶ್ನೆ ಮರಳಿ ಬರುತ್ತದೆ. ಅಂಕ ಕಡಿತ ಇದೆ, ಫುಟ್‌ಬಾಲ್ ಸಾಲದಾತರ ನಿಯಮವೂ ಇದೆ. ಮೊದಲನೆಯದು ತಂಡವನ್ನು ದಂಡಿಸುತ್ತದೆ, ಎರಡನೆಯದು ಊರನ್ನು. ತಪ್ಪು ಮಾಡಿದ ಮಾಲೀಕರನ್ನು ಇವೆರಡೂ ಮುಟ್ಟುವುದಿಲ್ಲ. ಕಂಪನಿ ಕಾನೂನಿನ ಕಣ್ಣಿಗೆ ಕ್ಲಬ್ ಷೇರುದಾರರ ಸ್ವತ್ತು. ನೋಡಲು ಬರುವ ಜನರ ಕಣ್ಣಿಗೆ ಅದು ಊರಿನ ಸ್ವತ್ತು. ಲಾಭ ಬಂದಾಗ ಮೊದಲನೆಯ ಲೆಕ್ಕ, ನಷ್ಟ ಬಂದಾಗ ಎರಡನೆಯ ಲೆಕ್ಕ ಹಿಡಿಯುವ ಅನುಕೂಲ ಮಾಲೀಕರಿಗೆ ಇರುವ ತನಕ ಪೋರ್ಟ್ಸ್‌ಮತ್‌ನ ಕತೆ ಬೇರೆ ಬೇರೆ ಹೆಸರಿನಲ್ಲಿ ಮುಂದುವರಿಯುತ್ತದೆ.

ಮಾಲೀಕರು ಕ್ಲಬ್ ಕೊಳ್ಳುವಾಗಲೇ ಕನಿಷ್ಠ ಒಂದು ಋತುವಿನ ಸಂಬಳ ಮತ್ತು ಸ್ಥಳೀಯರ ಬಾಕಿಗೆ ಸಾಕಾಗುವ ಠೇವಣಿಯನ್ನು ಬೇರೆಯವರ ಸುಪರ್ದಿನಲ್ಲಿ ಇಡಬೇಕೆಂದು ನಿಯಂತ್ರಕರು ಷರತ್ತು ಹಾಕಿದರೆ ಈ ಕೊರತೆ ಒಂದಿಷ್ಟು ನೀಗಬಹುದು. ಕೋಟಿಗಟ್ಟಲೆ ಪೌಂಡ್ ಕೊಟ್ಟು ಕ್ಲಬ್ ಕೊಳ್ಳಬಲ್ಲವರಿಗೆ ಇದು ಭಾರವಾಗದು. ಭಾರವೆನಿಸಿದರೆ ಅವರು ಕ್ಲಬ್ ಕೊಳ್ಳಲು ತಕ್ಕವರಲ್ಲ. 2010ರಲ್ಲಿ ಸೇಂಟ್ ಜಾನ್ ಆಂಬುಲೆನ್ಸ್‌ಗೆ ಬರಬೇಕಿದ್ದ ಎರಡು ಸಾವಿರದ ಚಿಲ್ಲರೆ ಪೌಂಡ್ ಅಂಥ ಠೇವಣಿಯ ಒಂದು ಮೂಲೆಯಿಂದ ತೀರುತ್ತಿತ್ತು. ಹೊಸ ಕಾನೂನು ಫಲಿಸಿತೋ ಇಲ್ಲವೋ ಎಂಬುದನ್ನು ಮುಂದಿನ ಬಾರಿ ಕ್ಲಬ್ ಒಂದು ಮುಳುಗಿದಾಗ ಸಾಲದ ಪಟ್ಟಿಯ ಕೊನೆಯ ಹೆಸರಿಗೆ ಎಷ್ಟು ಹಣ ಸಂದಾಯವಾಯಿತು ಎಂಬುದರಿಂದಲೇ ಅಳೆಯಬೇಕು.